ಕಡಲ್ಗಳ್ಳನ ಕೂಗು

ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇದು ರೆಕಾರ್ಡಿಂಗ್ ಕೋಣೆ, ಸಿಗ್ನಲ್ ಸರಿಯಾಗಿ ಬರಲ್ಲ.

...

ಅತ್ತಿಗೆ! ನೀವಾ? ಇದು ಯಾರ ನಂಬರು?

...

ಹಾಂ, ಪಕ್ಕದ ಮನೆಯವರದ್ದಾ. ಅವರ ಮನೆಯಲ್ಲೇ ಇದೀರಾ? ಚಾರ್ಜ್ ಕಮ್ಮಿ ಇದ್ರೆ ನಾನೇ ಆಮೇಲೆ ಮಾಡ್ತೀನಿ... ಬೇಡ್ವಾ? ಸರಿ, ಹೇಳಿ.

...

ಗೊತ್ತಾಗಿಬಿಡ್ತಾ! ಹೌದು ಅತ್ತಿಗೆ, ಬದಲಾಯಿಸಿದ್ದು ನಾನೇ. ನಿನ್ನೆ ಮಧ್ಯಾಹ್ನ. ಇನ್ಮೇಲೆ ನಮ್ಮ ಕಂಪನಿಯ ಆ ಮೊಬೈಲ್ ಆಟದಲ್ಲಿ ಡೊಳ್ಳುಹೊಟ್ಟೆ ಕಡಲ್ಗಳ್ಳ ಅಣ್ಣನ ಗಂಟಲಲ್ಲಿ ಕೂಗಲ್ಲ. ಬೇರೆ ಯಾರದೋ ದನಿ ಹಾಕಿದೀನಿ. ನಿಮಗೆ ನಾನೇ ಹೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ.

...

ಯಾಕೆ ಅಂದ್ರೆ... ಯಾಕೆ ಅಂತ ಕೇಳ್ತೀರಲ್ಲ. ಆ ಕಳ್ಳ ಒಬ್ಬನಾ ಇಬ್ಬರಾ? ಹಡಗಿನ ಹಲಗೆ ಹಲಗೆಗೂ ಒಬ್ಬೊಬ್ಬ. ಆಡೋರು ಅವನ ತಲೆ ಮೇಲೆ ಹಾರಿದರೆ ಸಾಕು, 'ಅಯ್ಯಯ್ಯೋ, ಹೋದ್ನಲ್ಲೋ' ಅಂತ ಸಮುದ್ರಕ್ಕೆ ಬೀಳ್ತಾನೆ. ಅಣ್ಣ ಬಣ್ಣ ಬಳಿಯೋಕೆ ಕಟ್ಟಿದ್ದ ಸಾರ್ವೆ ಮೇಲಿಂದ ಬಿದ್ದು ತೀರಿಹೋಗಿ ಇನ್ನೂ ಐದು ತಿಂಗಳಾಗಿಲ್ಲ. ಗೋಡೆಯಾಚೆಯಿಂದ ದಿನಾ ಸಂಜೆ ನಲವತ್ತು ಸಲ ನೀವು ಅದನ್ನ ಕೇಳಬೇಕಾ?

...

ನೀವು ಹೇಳಲಿಲ್ಲ, ಒಪ್ಕೋತೀನಿ. ನಾನೇ ಅಂದುಕೊಂಡೆ. ಅವತ್ತು ನಿಮ್ಮ ಮನೆಗೆ ಬಂದಾಗ ಪಕ್ಕದ ಮನೆ ಮಕ್ಕಳು ಆಡ್ತಿದ್ರು ನೋಡಿ. ಕೂಗು ಬಂದ ತಕ್ಷಣ ನೀವು ಹೊಲಿಗೆ ಮಿಷನ್ ನಿಲ್ಲಿಸಿಬಿಟ್ರಿ. ಗೋಡೆ ಕಡೆ ಮುಖ ಮಾಡಿ ಕೂತ್ರಿ. ಸಹಿಸೋಕೆ ಆಗ್ತಿಲ್ಲ ಅಂತ...

...

ಏನಂದ್ರಿ?

...

ಸರಿಯಾಗಿ ಕೇಳಿಸಲಿ ಅಂತ ನಿಲ್ಲಿಸ್ತಿದ್ರಾ.

...

ಅಳಬೇಡಿ ಅತ್ತಿಗೆ. ಬೈಯಿರಿ ಬೇಕಾದ್ರೆ. ನನ್ನನ್ನ ಬೈಯಿರಿ, ಅಳಬೇಡಿ.

...

ವಾಪಸ್ಸಾ? ಅದು... ಇಲ್ಲ, ಇಟ್ಟಿಲ್ಲ. ಇದ್ರೆ ಮತ್ತೆ ಯಾರಾದ್ರೂ ಬಳಸಿಬಿಡ್ತಾರೇನೋ ಅಂತ ಎಲ್ಲಾ ಕಡೆಯಿಂದ್ಲೂ ಅಳಿಸಿದೆ. ಎರಡೆರಡು ಸಲ ನೋಡಿ ಅಳಿಸಿದೆ. ಸೌಂಡ್ ಕೆಲಸ ಸಂಜೆ ಕ್ಲಾಸಿನಲ್ಲಿ ಕಲಿತವನು, ಎಲ್ಲಾದ್ರೂ ಅರ್ಧಂಬರ್ಧ ಮಾಡ್ತೀನೇನೋ ಅಂತ ಯಾವಾಗಲೂ ಭಯ ನನಗೆ. ಈ ಕೆಲಸಾನ ಮಾತ್ರ ಪೂರ್ತಿ ಮಾಡಿದೀನಿ ನೋಡಿ.

...

ಪಕ್ಕದ ಮನೆಯವರ ಆಟದಲ್ಲೂ ಹಳೇ ಕೂಗು ಉಳಿದಿರಲ್ಲ. ಹೊಸದು ತಾನಾಗೇ ಬಂದು ಕೂತುಬಿಡತ್ತೆ.

...

ತಾಳಿ... ತಾಳಿ ಅತ್ತಿಗೆ, ಒಂದು ನಿಮಿಷ. ಇಡಬೇಡಿ ಫೋನು. ಅಣ್ಣ ಕೂಗಿದ ದಿನದ ಉದ್ದದ ರೆಕಾರ್ಡಿಂಗ್ ಒಂದಿತ್ತು. ಕೂಗನ್ನ ಅದರಲ್ಲೂ ಅಳಿಸಿದೀನಿ, ಆದರೆ ಅದಕ್ಕೆ ಮುಂಚಿನದು... ಹಾಂ! ಇದೆ. ಇದೆ ಅತ್ತಿಗೆ!

...

ಅಯ್ಯೋ, ಮೈಕಿಗೆ ಕೂಗಿದ್ದು ಹೇಗೆ ಅಂತ ಅಣ್ಣ ಹೇಳಿರಲಿಲ್ವಾ? ಈ ಕೋಣೆಗೆ ಬಣ್ಣ ಬಳಿಯೋಕೆ ಬಂದಿದ್ದ. ದನಿ ಕೊಡೋನು ಅವತ್ತು ಕೈಕೊಟ್ಟ. ನಾನೇ ಅಣ್ಣನ್ನ ಹಿಡ್ಕೊಂಡು ಬಂದು ಮೈಕಿನ ಮುಂದೆ ನಿಲ್ಲಿಸಿದೆ. ಕುಂಚ ಕೈಯಲ್ಲೇ ಇತ್ತು. ನೋಡಿ, ನೆಲದ ಮೇಲೆ ಎರಡು ತೊಟ್ಟು ಬಿಳಿ ಬಣ್ಣ ಇನ್ನೂ ಇದೆ... ನಿಮಗೆಲ್ಲಿ ಕಾಣಬೇಕು. ಇರಿ, ಫೋನನ್ನ ಸ್ಪೀಕರಿಗೆ ಹಿಡೀತೀನಿ.

...

ಕೆಮ್ಮಿದ್ದು ಅವನೇ. ಕೇಳಿಸ್ತಾ? ನಕ್ಕಿದ್ದೂ ಅವನೇ.

...

ಹಾಂ, ಅದೇ. 'ತಮ್ಮಾ, ನೋವಾದ ಹಾಗೆ ಕೂಗಲಾ, ಹೆದರಿದ ಹಾಗೆ ಕೂಗಲಾ?' ಅಂತ ಕೇಳ್ತಿದಾನೆ.

...

ನಾನಾ? ನನ್ನ ಉತ್ತರ ಇದರಲ್ಲಿ ಮೆತ್ತಗೆ ಬಿದ್ದಿದೆ. ಬೇಡ ಬಿಡಿ ಅತ್ತಿಗೆ.

...

'ಹೇಗಾದ್ರೂ ಕೂಗಣ್ಣ, ಇವನು ಬಿದ್ದರೆ ಮತ್ತೆ ಎದ್ದು ಬರ್ತಾನೆ' ಅಂದೆ.

...

ಅತ್ತಿಗೆ?

...

ಇಲ್ಲಿಂದ ಮುಂದೆ ಏನೂ ಇಲ್ಲ. ಅವನು ಕೂಗಿದ್ದು ಈ ಜಾಗದಲ್ಲೇ. ಖಾಲಿ ಓಡ್ತಿದೆ... ಇನ್ನೊಂದ್ಸಲ ಮೊದಲಿಂದ ಹಾಕಲಾ? ಆ ನಗು ಪೂರ್ತಿ ಕೇಳಿಸ್ತಾ ನಿಮಗೆ? ಅತ್ತಿಗೆ, ಇದೀರಾ? ಹಲೋ... ಹಲೋ...