ಓಟಿಪಿ ಯಾರ ಫೋನಿಗೆ?

ನಾದಿನಿಯ ಷೇರುಗಳನ್ನು ಭಾವ ಅವಳನ್ನು ಕೇಳದೆ ಮಾರಿದ್ದ. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ, ನನಗೆ ಪರಿಚಯವಿಲ್ಲದ ಆ ಇಬ್ಬರೂ ಕೂತಿದ್ದರು. ಆಕೆ ಟೈಲರ್, ಅಳತೆ ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಫೋನಿನಲ್ಲಿ ಹೊಸ ಬ್ರೋಕರ್ ಆಪ್ ತೆರೆದಿದ್ದಳು.

“ಲಾಭಕ್ಕೇ ಮಾರಿದ್ದಲ್ವೇನಮ್ಮ?”

“ಲಾಭ ಹಾಗಿರಲಿ ಭಾವ, ನನ್ನ ಕೇಳಿದ್ರಾ?”

“ಖಾತೆಗೆ ನನ್ನ ನಂಬರ್ ಕೊಟ್ಟಿದ್ವಿ. ಓಟಿಪಿ ನನಗೇ ಬಂತು, ಒತ್ತಿದೆ.”

“ಅದಕ್ಕೇ ಈಗ ನನ್ನ ನಂಬರಲ್ಲಿ ಬೇರೆ ಖಾತೆ.”

“ಈ ಆಪ್‌ನವರು ಸಲಹೆ ಕೊಡಲ್ಲ. ನಮ್ಮ ಬ್ರೋಕರ್ ದಿನಾ ಫೋನ್ ಮಾಡಿ ಕೊಳ್ಳು, ಮಾರು ಅಂತಾನೆ.”

“ಅನ್ನದೆ ಏನು? ಕೊಂಡರೂ ಅವನಿಗೆ ಕಮಿಷನ್, ಮಾರಿದರೂ ಕಮಿಷನ್. ನಾನು ಕೊಂಡು ಸುಮ್ಮನೆ ಇಟ್ಕೊಳ್ಳೋಳು. ನನಗೆ ಫೋನೇ ಮಾಡದವರು ಸಾಕು.”

“ಇದು ಸೂಜಿಗೆ ದಾರ ಪೋಣಿಸಿದ ಹಾಗಲ್ಲ.”

“ಪೋಣಿಸೋರಿಗೆ ಅದು ಎಲ್ಲಿ ಚುಚ್ಚುತ್ತೆ ಅಂತ ಗೊತ್ತಿರುತ್ತೆ, ಭಾವ.”

ಅವಳ ಫೋನ್ ಟಿಣ್ ಎಂದಿತು.

“ಓಟಿಪಿ ಬಂತಾ? ಕೊಡು, ನಾನು ಮುಗಿಸ್ತೀನಿ.”

ಅಷ್ಟರಲ್ಲಿ ನರ್ಸ್ ಅವಳನ್ನು ಒಳಗೆ ಕರೆದಳು.

“ಫೋನ್ ಇಲ್ಲಿಟ್ಟು ಹೋಗಮ್ಮ. ಅಲ್ಲಿ ಬಾಯಿ ತೆರೆದು ಕೂರೋದು ತಾನೇ?”

“ಬಾಯಿ ತೆರೀತೀನಿ, ಭಾವ. ಫೋನ್ ಮಾತ್ರ ಕೊಡಲ್ಲ,” ಎಂದು ಅವಳು ಎದ್ದು ಒಳಗೆ ಹೋದಳು.