ನಾವು ನಿಮ್ಮ ಹತ್ತಿರವೇ ಇದ್ದೇವೆ

ಹೇಳಿಕೆ ಕೊಡುವವಳ ವಯಸ್ಸು ಮೂವತ್ತೊಂದು. ಉದ್ಯೋಗ: ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದಾಗ ಬರುವ ಕರೆಗೆ ಉತ್ತರಿಸುವುದು. ಕೆಲಸದ ಕಡೆ ಗುರುತು: ಹನ್ನೆರಡನೇ ಸೀಟು. ವಾಸ: ಬೇಕರಿ ಹಿಂದಿನ ಓಣಿ, ಮೂರನೇ ಮನೆಯ ಮಹಡಿ, ತಾಯಿ ಮತ್ತು ತಂಗಿಯ ಜೊತೆ.

ಯಾರೂ ಹೇಳಿಕೊಡದೆ, ಯಾರೂ ಹೆದರಿಸದೆ, ಠಾಣೆಯಲ್ಲಿ ಕೂತು ನಾನೇ ಬರೆಸುತ್ತಿರುವುದೇನೆಂದರೆ:

ನಾನು ಒಂದು ವರ್ಷ ಏಳು ತಿಂಗಳಿಂದ ಆರು ಮಹಡಿಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕೋಣೆಯಲ್ಲಿ ಹದಿನಾರು ಸೀಟು, ಒಂದು ಕಾಫಿ ಮೆಷಿನ್ನು, ತೆರೆಯಲು ಬಾರದ ಎರಡು ಕಿಟಕಿ. ನಾವು ಮಾತಾಡುವುದು ಲಿಫ್ಟ್ ಕಂಪನಿಯ ಹೆಸರಿನಲ್ಲಿ. ಆದರೆ ಆ ಕಂಪನಿಯ ಒಬ್ಬರನ್ನೂ ನಾವು ಕಂಡಿಲ್ಲ. ಲಿಫ್ಟ್ ಕಂಪನಿ ಈ ಕೆಲಸವನ್ನು ಒಂದು ಕಂಪನಿಗೆ ವಹಿಸಿತು. ಅದು ತಾನೇ ಮಾಡುತ್ತೇನೆಂದು ಒಪ್ಪಿಕೊಂಡು ಇನ್ನೊಂದಕ್ಕೆ ದಾಟಿಸಿತು. ಆ ಇನ್ನೊಂದು ನಮ್ಮ ಕಂಪನಿಯ ತಲೆಗೆ ಕಟ್ಟಿತು. ಕರೆ ಬಂದಾಗ ನಮ್ಮ ಪರದೆಯ ಮೇಲೆ ಕಾಣುವುದು ಒಂದು ನಂಬರು ಮಾತ್ರ. ಊರಿಲ್ಲ, ಬೀದಿಯಿಲ್ಲ, ಕಟ್ಟಡದ ಹೆಸರಿಲ್ಲ. ವಿಳಾಸ ತಿಳಿದರೆ ಗಿರಾಕಿ ಯಾರೆಂದು ತಿಳಿಯುತ್ತದೆ, ಗಿರಾಕಿ ತಿಳಿದರೆ ಕೆಳಗಿನ ಕಂಪನಿ ನೇರವಾಗಿ ಹೋಗಿ ಕೆಲಸ ಕಿತ್ತುಕೊಳ್ಳುತ್ತದೆ ಎಂಬುದು ಮೇಲಿನವರ ಭಯ. ಆದ್ದರಿಂದ ಸಿಕ್ಕಿಕೊಂಡವರನ್ನು ಎಲ್ಲಿದ್ದೀರಿ ಎಂದು ಕೇಳಕೂಡದು. ಕೇಳಿದ ಮೂವರು ಈಗ ಕೆಲಸದಲ್ಲಿಲ್ಲ.

ಏನು ಹೇಳಬೇಕೆಂಬುದನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ ಪ್ರತಿ ಮೇಜಿಗೂ ಅಂಟಿಸಿದ್ದಾರೆ. ಮೊದಲ ಸಾಲು, ಭಯಪಡಬೇಡಿ. ಎರಡನೆಯದು, ನಾವು ನಿಮ್ಮ ಹತ್ತಿರವೇ ಇದ್ದೇವೆ. ಈ ಸುಳ್ಳನ್ನು ನಾನು ದಿನಕ್ಕೆ ಹತ್ತು ಹದಿನೈದು ಸಲ ಹೇಳುತ್ತೇನೆ.

ನಮ್ಮ ಮಹಡಿಯ ನೆಲ ಒರೆಸುವ, ಕಕ್ಕಸು ತೊಳೆಯುವ ಹೆಂಗಸನ್ನು ಎಲ್ಲರೂ ಬಕೆಟ್ ಅಕ್ಕ ಎನ್ನುತ್ತೇವೆ. ವಯಸ್ಸು ಐವತ್ತು ದಾಟಿದೆ. ಉಬ್ಬಸವಿದೆ. ಬಾಯಿಗಿಟ್ಟು ಒತ್ತುವ ಪಂಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀಲಿ ಬಕೆಟ್ಟಿನ ಹಿಡಿಗೆ ಕಟ್ಟಿಕೊಂಡಿರುತ್ತಾರೆ. ಮಧ್ಯಾಹ್ನ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತೇವೆ. ನಿನ್ನ ಕೆಲಸವೇನೆಂದು ಅವರು ಒಮ್ಮೆ ಕೇಳಿದ್ದರು. ಸಿಕ್ಕಿಬಿದ್ದವರ ಜೊತೆ ಮಾತಾಡುವುದು ಎಂದಿದ್ದೆ. ಹಾಗಾದರೆ ಮೊದಲು ನಿನ್ನ ಜೊತೆ ಯಾರಾದರೂ ಮಾತಾಡಲಿ ಎಂದು ಕೆಮ್ಮು ಬರುವಷ್ಟು ನಕ್ಕಿದ್ದರು.

ನಿನ್ನೆ, ದಿನಾಂಕ ಹದಿನೇಳು, ಮಂಗಳವಾರವೂ ಜೊತೆಗೇ ಉಂಡೆವು. ೧-೫೫ಕ್ಕೆ ಅಕ್ಕ ಎದ್ದರು. ೨-೦೫ಕ್ಕೆ ನಾನು ಸೀಟಿಗೆ ಹೋಗುವಾಗ ಕಕ್ಕಸಿನ ಬಾಗಿಲ ಬಳಿ ನೀಲಿ ಬಕೆಟ್ಟು ಇತ್ತು, ಅಕ್ಕ ಇರಲಿಲ್ಲ. ಕಸದ ಚೀಲ ಕೆಳಗಿಳಿಸಲು ಹೊರಟಿರಬೇಕೆಂದುಕೊಂಡೆ.

೨-೧೪ಕ್ಕೆ ಕರೆ ಬಂತು. ಪರದೆಯ ಮೇಲೆ ನಂಬರು ೪೧೧೭. ಹೆಂಗಸಿನ ದನಿ. ಲಿಫ್ಟ್ ನಿಂತಿದೆ, ದೀಪ ಆರಿದೆ, ಗಾಳಿ ಸಾಲುತ್ತಿಲ್ಲ ಎಂದರು. ಗರಗರ ಸದ್ದಿನ ನಡುವೆ ಅರ್ಧ ಮಾತು ಕೇಳುತ್ತಿತ್ತು. ಅದು ಯಾರ ದನಿ ಎಂದು ನನಗೆ ತಿಳಿಯಲಿಲ್ಲ. ಕೆಲಸಕ್ಕೆ ಸೇರಿದಾಗ ಕಲಿಸಿದ ಕಂಪನಿ ದನಿಯಲ್ಲಿ ನಾನು ಮಾತಾಡಿದ್ದರಿಂದ ಅವರಿಗೂ ತಿಳಿಯಲಿಲ್ಲ. ಭಯಪಡಬೇಡಿ ಎಂದು ಓದಿದೆ.

೨-೧೬ಕ್ಕೆ ದೂರನ್ನು ಮೇಲಿನ ಕಂಪನಿಗೆ ಕಳಿಸಿದೆ. ಅದು ಅದರ ಮೇಲಿನದಕ್ಕೆ ಹೋಗಬೇಕು, ಅಲ್ಲಿಂದ ಲಿಫ್ಟ್ ಕಂಪನಿಗೆ, ಅಲ್ಲಿಂದ ರಿಪೇರಿಯವರಿಗೆ. ೨-೨೧ಕ್ಕೆ ಉತ್ತರ ಬಂತು. ಮೆಕ್ಯಾನಿಕ್ ಬರಲು ತೊಂಬತ್ತು ನಿಮಿಷ, ಅಲ್ಲಿಯವರೆಗೆ ಮಾತಾಡಿಸುತ್ತಿರಿ ಎಂದಿತ್ತು. ಅಷ್ಟರಲ್ಲಿ ಆ ಹೆಂಗಸು ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದರು.

ನಾನು ಕೈಯೆತ್ತಿ ಮೇಲ್ವಿಚಾರಕರನ್ನು ಕರೆದೆ. ಪ್ರತಿ ಕರೆಯ ಸೆಕೆಂಡು ಎಣಿಸುವುದರಿಂದ ನಾವು ಅವರಿಗೆ ಗಡಿಯಾರ ಎನ್ನುತ್ತೇವೆ. ಆಂಬುಲೆನ್ಸ್ ಕರೆಸಬೇಕು, ವಿಳಾಸ ಕೇಳಿ ತರಿಸಿ ಎಂದು ಬೇಡಿಕೊಂಡೆ. ಅದು ನಮಗೆ ಸಂಬಂಧವಿಲ್ಲದ ವಿಷಯ, ಮೇಲಿನವರನ್ನು ಕೇಳಿದರೆ ಇಡೀ ಕೋಣೆಯ ಕೆಲಸ ಹೋಗುತ್ತದೆ ಎಂದರು. ಇಷ್ಟಾಗಿಯೂ ಅವರು ಕಟುಕರಲ್ಲ ಎಂಬುದನ್ನೂ ಬರೆದುಕೊಳ್ಳಿ.

೨-೨೬ಕ್ಕೆ ಆ ಹೆಂಗಸು ನನ್ನನ್ನು ಕೇಳಿದರು.

"ಮೇಡಂ, ನೀವು ಎಲ್ಲಿ ಕೂತು ಮಾತಾಡ್ತಾ ಇದೀರಾ? ತುಂಬಾ ದೂರಾನಾ?"

ನಾನು ಹಾಳೆ ನೋಡಿ, ನಾವು ನಿಮ್ಮ ಹತ್ತಿರವೇ ಇದ್ದೇವೆ ಎಂದೆ.

೨-೨೯ಕ್ಕೆ ಅವರು ಮಾತು ನಿಲ್ಲಿಸಿ ಬಾಗಿಲು ಬಡಿಯತೊಡಗಿದರು. ಮೂರು ಬಡಿತ, ಬಿಡುವು, ಮೂರು ಬಡಿತ. ಅದು ನನ್ನ ಹೆಡ್‌ಫೋನಿನಲ್ಲಿ ಕೇಳಿತು. ಕಾಫಿ ಮೆಷಿನ್ನಿನ ಹಿಂದಿನ ಗೋಡೆಯಿಂದಲೂ ಕೇಳಿತು. ಒಂದು ಕಿವಿಯ ಹೆಡ್‌ಫೋನು ಸರಿಸಿದೆ. ಗೋಡೆಯಲ್ಲಿ ಮೂರು. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಕಿವಿಯಲ್ಲಿ ಮೂರು. ಕೇಳಬಾರದ್ದನ್ನು ಕೇಳಿದೆ, ಎಲ್ಲಿದ್ದೀರಿ ಎಂದು. ಉತ್ತರವಾಗಿ ಬಂದ ಮಾತು ಇಷ್ಟೇ:

"ಪಂಪು... ಬಕೆಟ್ಟಲ್ಲೇ ಬಿಟ್ಟೆ."

ನಾನು ಎದ್ದೆ. ಕರೆ ತೆರೆದಿರುವಾಗ ಸೀಟು ಬಿಡಬಾರದೆಂದು ಗಡಿಯಾರ ಅಡ್ಡ ನಿಂತರು. ಕರೆಯನ್ನು ನಾನು ಕತ್ತರಿಸಿಲ್ಲ, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಅವರನ್ನು ಪಕ್ಕಕ್ಕೆ ತಳ್ಳಿದೆ. ತಳ್ಳಿದ್ದು ನಿಜ.

ಬಕೆಟ್ಟಿನಿಂದ ಪಂಪು ಬಿಚ್ಚಿಕೊಂಡು ೨-೩೨ಕ್ಕೆ ಲಿಫ್ಟಿನ ಬಾಗಿಲು ಮುಟ್ಟಿದೆ. ಚೌಕಟ್ಟಿನ ಮೇಲೆ ಅಂಗೈಯಗಲದ ಸ್ಟಿಕ್ಕರು ಇದೆ, ಅದರಲ್ಲಿ ೪೧೧೭ ಎಂದಿದೆ. ದಿನಕ್ಕೆರಡು ಸಲ ಅದರ ಮುಂದೆ ನಿಂತವಳು ನಾನು. ಒಂದು ದಿನವೂ ಓದಿರಲಿಲ್ಲ.

ನನ್ನ ಕೂಗು ಕೇಳಿ ಕೆಳಗಿನಿಂದ ವಾಚ್‌ಮನ್ ಓಡಿ ಬಂದರು. ಬೀಗದ ಕೈ ತನ್ನ ಬಳಿಯಿಲ್ಲ, ತಾನೂ ಬೇರೆ ಏಜೆನ್ಸಿಯವನು, ಬಾಗಿಲು ಮುಟ್ಟಿದರೆ ನಾಳೆ ಬರಬೇಡ ಎನ್ನುತ್ತಾರೆ ಎಂದರು. ಆಮೇಲೆ, "ನಾನು ಆ ಕಡೆ ತಿರುಗಿ ಆಂಬುಲೆನ್ಸಿಗೆ ಫೋನ್ ಮಾಡ್ತೀನಿ. ನೀವು ಏನು ಮಾಡಿದ್ರೋ ನಾನಂತೂ ನೋಡಿಲ್ಲ" ಎಂದು ಗೋಡೆಗೆ ಮುಖ ಮಾಡಿದರು. ಬೆಂಕಿ ಆರಿಸುವ ಸಾಮಾನಿನ ಪೆಟ್ಟಿಗೆಯ ಗಾಜು ಒಡೆದು ಕಬ್ಬಿಣದ ಸಲಾಕೆ ತೆಗೆದೆ. ನನ್ನ ಬಲಗೈಯ ಗಾಯ ಆ ಗಾಜಿನದು. ಒಂಬತ್ತನೇ ಸೀಟು ಮತ್ತು ಹದಿನಾಲ್ಕನೇ ಸೀಟು ಬಂದು ಕೈ ಹಾಕಿದರು. ಅವರನ್ನು ನಾನು ಕರೆದಿರಲಿಲ್ಲ.

ಲಿಫ್ಟು ನಮ್ಮ ನೆಲಕ್ಕಿಂತ ಮೂರಡಿ ಕೆಳಗೆ ನಿಂತಿತ್ತು. ೨-೪೧ಕ್ಕೆ ಒಳಬಾಗಿಲು ಗೇಣಗಲ ಸರಿಯಿತು. ನೆಲದ ಮೇಲೆ ಮಲಗಿ ಪಂಪು ಹಿಡಿದ ಕೈ ಇಳಿಬಿಟ್ಟೆ. ಅಕ್ಕ ಎರಡು ಕಸದ ಚೀಲಗಳ ನಡುವೆ ಕೂತಿದ್ದರು. ತುಟಿ ನೀಲಿಯಾಗಿತ್ತು. ಪಂಪನ್ನು ಎರಡು ಸಲ ಎಳೆದು ತಲೆಯೆತ್ತಿ ನನ್ನ ಮುಖ ನೋಡಿದರು.

"ನೀನಾ? ಇಷ್ಟೊತ್ತೂ ಮೇಡಂ ಮೇಡಂ ಅಂದಿದ್ದು ನಿನಗೇನೇ?"

ನಾನು ಕೈಯನ್ನು ಇನ್ನಷ್ಟು ಕೆಳಗೆ ಚಾಚಿದೆ. ಅವರು ಪಕ್ಕಕ್ಕೆ ವಾಲಿದರು. ೩-೦೫ಕ್ಕೆ ಆಂಬುಲೆನ್ಸಿನವರು ಬಂದು ಬಾಗಿಲನ್ನು ಪೂರ್ತಿ ತೆಗೆದು ಎತ್ತಿದರು. ಮೆಕ್ಯಾನಿಕ್ ಬಂದದ್ದು ೪-೧೦ಕ್ಕೆ. ಅಕ್ಕನಿಗೆ ಈ ಹೊತ್ತಿನವರೆಗೂ ಎಚ್ಚರವಿಲ್ಲ. ಉಸಿರಾಟದ ಯಂತ್ರ ಹಾಕಿದ್ದಾರೆ. ಡಾಕ್ಟರು ಹೇಳಲಾಗದು ಎಂದಿದ್ದಾರೆ.

ನಿಮ್ಮ ಮಾಲೀಕರು ಯಾರು ಎಂದು ತಾವು ಕೇಳಿದಿರಿ. ಗೊತ್ತಿಲ್ಲ. ಅಕ್ಕನ ಮಾಲೀಕರು ಯಾರೆಂದು ಆಸ್ಪತ್ರೆಯವರು ಕೇಳಿದಾಗಲೂ ಮೂರು ಕಂಪನಿಗಳು ನಮ್ಮವಳಲ್ಲ ಎಂದು ಫೋನ್ ಇಟ್ಟವು. ಲಿಫ್ಟಿನ ಕರೆಯ ಕೆಲಸ ಹಂಚಿಕೊಳ್ಳುವಾಗ ನಾಲ್ಕು ಕಂಪನಿ, ಹೊಣೆ ಹೊರುವಾಗ ಒಬ್ಬರೂ ಇಲ್ಲ. ೨-೧೪ರಿಂದ ಆ ಕರೆ ಪೂರ್ತಿ ರೆಕಾರ್ಡ್ ಆಗಿದೆ. ಅದು ಈ ನಾಲ್ವರಲ್ಲಿ ಯಾರ ಬಳಿಯಿದ್ದರೂ ಅಳಿಸುವ ಮೊದಲು ವಶಕ್ಕೆ ತೆಗೆದುಕೊಳ್ಳಬೇಕು. ಅಕ್ಕನಿಗೆ ಮಾತು ಬಾರದಿದ್ದರೆ ಅವರ ಹೇಳಿಕೆ ಅದೊಂದೇ.

ಇಂದು ಬೆಳಿಗ್ಗೆ ಮೇಲಿನ ಕಂಪನಿಯ ವಕೀಲರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಲಿಫ್ಟಿನ ಬಾಗಿಲು ಮುರಿದೆನಂತೆ. ಮುರಿದೆ. ಸೀಟು ಬಿಟ್ಟೆನಂತೆ. ಬಿಟ್ಟೆ. ಅನುಮತಿಯಿಲ್ಲದೆ ಗಿರಾಕಿಯ ಸ್ಥಳಕ್ಕೆ ಹೋದೆನಂತೆ. ತಾವೇ ಟೇಪು ಹಿಡಿದು ಅಳೆದಿದ್ದೀರಿ, ಹನ್ನೆರಡನೇ ಸೀಟಿನಿಂದ ಲಿಫ್ಟಿನ ಬಾಗಿಲಿಗೆ ಹನ್ನೊಂದು ಮೀಟರು ನಲವತ್ತು ಸೆಂಟಿಮೀಟರು. ಅಷ್ಟು ದೂರ ಹೋದೆ. ಹದಿನೆಂಟು ನಿಮಿಷ ತಡವಾಗಿ ಹೋದೆ. ಆ ಆರೋಪ ದೂರಿನಲ್ಲಿಲ್ಲ, ನಾನೇ ಸೇರಿಸುತ್ತಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ. ಇದರಲ್ಲಿ ಸುಳ್ಳು ಒಂದೇ ಸಾಲು, ಅದು ಹಾಳೆಯಲ್ಲಿ ಅಚ್ಚಾದದ್ದು. ನಿನ್ನೆ ೨-೨೬ಕ್ಕೆ ಅದೂ ನಿಜವಾಗಿತ್ತು.

ದಿನಾಂಕ: ಹದಿನೆಂಟು, ಬುಧವಾರ, ಬೆಳಿಗ್ಗೆ ೧೧-೨೦.

ಸ್ಥಳ: ಈ ಜಾಗವನ್ನು ಖಾಲಿ ಬಿಡಬೇಡಿ ಎಂದು ಕೇಳಿಕೊಂಡಿದ್ದೇನೆ. ಠಾಣೆಯ ಹೆಸರಿನ ಕೆಳಗೆ ಘಟನೆಯ ಸ್ಥಳವನ್ನೂ ಮಹಡಿ, ಬೀದಿ, ಬಾಗಿಲ ನಂಬರಿನ ಸಮೇತ ಪೂರ್ತಿ ಬರೆಯಿರಿ. ಬರೆದ ಮೇಲೆಯೇ ಸಹಿ ಹಾಕುತ್ತೇನೆ.

(ಬರೆದಿದೆ. ಸಹಿ, ಎಡಗೈಯಲ್ಲಿ.)