ಖಾತ್ರಿ ಕೇಳಿದ ಧಣಿ

ನಮ್ಮ ಈ ತೊಗರಿ ಸೀಮೆಯಲ್ಲೇ ಒಬ್ಬ ಕಾಳಿನ ವ್ಯಾಪಾರಿ ಇದ್ದ, ದೊಡ್ಡ ಶ್ರೀಮಂತ. ಚೀಲದ ಬಾಯಲ್ಲಿ ಕಂಡ ಕಾಳನ್ನು ಅವನು ಎಂದೂ ನಂಬಿದವನಲ್ಲ. ತಳದವರೆಗೆ ಕೊಳವೆ ಚುಚ್ಚಿ, ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡಿದ ಮೇಲೆಯೇ ವ್ಯಾಪಾರ. ಮನೆಯಲ್ಲೂ ಅಷ್ಟೇ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ನಗಬೇಡಿ, ಅಂಥವರು ಇಲ್ಲೂ ಕೂತಿದ್ದಾರೆ.

ಇವನ ಮೆದುಳಿನಲ್ಲೊಂದು ಗೆಡ್ಡೆ ಬೆಳೆಯಿತು. ಬಲು ಬೇಗ ಹರಡುವ ಕೆಟ್ಟ ಗೆಡ್ಡೆ. ಡಾಕ್ಟರು ಆಪರೇಷನ್ ಮಾಡಿ ತೆಗೆದರು. ಅವನು ಎದ್ದು ಕೂತು ಗಂಜಿ ಕುಡಿದ. ಆಗ ಡಾಕ್ಟರು, "ಕಣ್ಣಿಗಿ ಕಂಡಿದ್ದು ತೆಗದೀವಿ. ಕಾಣದ ಬೇರು ಉಳದಿರ್ತಾವ. ಆರು ವಾರ ರೇಡಿಯೇಷನ್ ಕೊಡಬೇಕು, ನಡುವ ಬಿಡೂ ಹಂಗಿಲ್ಲ" ಎಂದರು.

"ಕೊಟ್ರ ಪೂರಾ ವಾಸಿ ಆಗ್ತದೇನು? ಖಾತ್ರಿ ಹೇಳ್ರಿ."

"ಖಾತ್ರಿ ಹೇಳಂಗಿಲ್ಲ ಧಣ್ಯಾರ. ಒಳ್ಳೇ ದಿನ ಹೆಚ್ಚಿಗಿ ಸಿಗಬಹುದು."

ನೋಡಿ, ಅಲ್ಲಿ ಹುಟ್ಟಿತು ಅನುಮಾನ. ಖಾತ್ರಿ ಇಲ್ಲದ ಸರಕನ್ನು ಯಾರಾದರೂ ಕೊಳ್ಳುತ್ತಾರೆಯೇ? ಆದರೂ ಹೋದ. ಅವನ ಮುಖದ ಅಚ್ಚಿನಲ್ಲೇ ಮಾಡಿದ ಜಾಳಿಗೆಯ ಮುಖವಾಡ ತೊಡಿಸಿ, ತಲೆ ಅಲುಗದಂತೆ ಮೇಜಿಗೆ ಬಿಗಿದರು. ಯಂತ್ರ ಗುಂಯ್ ಎಂದಿತು. ಬಿಸಿಯಿಲ್ಲ, ಉರಿಯಿಲ್ಲ, ನೋವಿಲ್ಲ. ನಾಲ್ಕಾರು ನಿಮಿಷಕ್ಕೆ ಆಯಿತು ಎಂದರು. ಬರೀ ಮಲಗಿಸಿ ಎಬ್ಬಿಸುತ್ತಿದ್ದಾರೆ ಎಂದುಕೊಂಡ. ಕೂದಲು ಉದುರಿದಾಗ, ಇಲ್ಲದ ರೋಗ ಇವರೇ ತರುತ್ತಿದ್ದಾರೆ ಎಂದುಕೊಂಡ. ಏನೂ ಆಗದಿದ್ದರೂ ಅನುಮಾನ, ಆದರೂ ಅನುಮಾನ! ಒಂದು ದಿನ ಹೆಂಡತಿ ಬಾಗಿಲ ಬಳಿ ಡಾಕ್ಟರ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದಳು. ಅವನು ಅದನ್ನು ನೋಡಿದ.

"ನೀನೂ ಅವರ ಕಡೀಗೇ ಸೇರಿದಿ?" ಎಂದ. ಆಮೇಲೆ ಅವಳು ಆ ವಿಷಯಕ್ಕೆ ಬಾಯಿ ಬಿಡಲಿಲ್ಲ.

ಮೂರನೆಯ ವಾರಕ್ಕೆ ಆಸ್ಪತ್ರೆ ಬಿಟ್ಟ. ಪಕ್ಕದ ಊರಲ್ಲೊಬ್ಬ ಲೇಪ ಹಚ್ಚುವವನು ಸಿಕ್ಕ. "ಇಪ್ಪತ್ತೊಂದು ದಿನದಾಗ ಬೇರು ಸಮೇತ ಕರಗ್ತದ, ಬರಕೋರಿ" ಎಂದ. ಚೀಲ ಚುಚ್ಚದೆ ಕಾಳು ಕೊಳ್ಳದ ಮನುಷ್ಯ, ಒಂದೇ ಒಂದು ಪ್ರಶ್ನೆ ಕೇಳದೆ ತಲೆ ಬಗ್ಗಿಸಿಕೊಟ್ಟ!

ಮೂರು ತಿಂಗಳಿಗೆ ಬಲಗೈಯಿಂದ ಲೋಟ ಜಾರಿತು. ಮಾತು ತೊದಲಿತು. ಮತ್ತೆ ಅದೇ ಆಸ್ಪತ್ರೆ. ಡಾಕ್ಟರು ಬೈಯಲಿಲ್ಲ, ಸ್ಕ್ಯಾನ್ ನೋಡಿ ಗೆಡ್ಡೆ ಮತ್ತೆ ಬೆಳೆದಿದೆ ಎಂದರು. ಅವನಿಗೆ ಭಯವಾಯಿತು. ಹೆಂಡತಿಯ ಕಡೆ ತಿರುಗಿ, "ನನ್ನ ಇಲ್ಲಿಗಿ... ಜಗ್ಗಿ... ಕರಕೊಂಡು... ಯಾಕ ಬರ್ಲಿಲ್ಲ?" ಎಂದ.

"ಅವತ್ತು ನಾ ಡಾಕ್ಟರಿಗಿ ಕೇಳಿದ್ದು, ಒಳಗ ನಿಮ್ಮ ಕೈ ಹಿಡಕೊಂಡು ಕೂಡ್ಲೇನು ಅಂತ. ಅದಕ್ಕೂ ನನ್ನ ನಂಬಲಿಲ್ಲ ನೀವು. ಇನ್ನ ಹೆಂಗ ಜಗ್ಗಲಿ?"

ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ. ಆ ಮಾತು ಅವನಿಂದ ಕೊನೆಗೂ ಬರಲಿಲ್ಲ.

ಈಗ ಹೇಳಿ, ಅವನು ಹುಷಾರಾದ ಮನುಷ್ಯನೇ? ನಿಜ ಹೇಳಿದವರನ್ನೆಲ್ಲ ಅನುಮಾನಿಸಿದ, ಸಿಹಿ ಹೇಳಿದವನನ್ನು ಕಣ್ಣುಮುಚ್ಚಿ ನಂಬಿದ. ನಾವೇನು ಬೇರೆಯೇ? ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ. ಅನುಮಾನ ಪಡಿ, ನಿಮಗೆ ಬೇಕಾದ ಮಾತನ್ನೇ ಆಡುವವನ ಮೇಲೆ ಪಡಿ, ನನ್ನ ಮೇಲೂ ಪಡಿ. ಖಾತ್ರಿ ಇಲ್ಲ ಎಂದು ಒಪ್ಪಿಕೊಳ್ಳುವವನ ಎದುರು ಮಾತ್ರ ಇನ್ನೊಂದು ಗಳಿಗೆ ಕೂತು ಕೇಳಿ. ಹಿಡಿದ ಚಿಕಿತ್ಸೆಯನ್ನು ಅವನನ್ನು ಕೇಳದೆ ನಡುವೆ ಬಿಡಬೇಡಿ. ಮತ್ತೆ, ನಿಮ್ಮ ಅನುಮಾನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡವರು ಮನೆಯಲ್ಲಿ ಯಾರಿದ್ದಾರೋ, ಇವತ್ತು ಹೋಗಿ ಅವರ ಮುಂದೆ ಕೂತು ತಪ್ಪಾಯಿತು ಎನ್ನಿ. ನಾಲಿಗೆ ಹೊರಳುವಾಗಲೇ ಅಂದುಬಿಡಿ.